ಏರುವ ಹಡಗಿಗೆ ದಾರಿ

ಹೊಂಗಡಹಳ್ಳ,
ಸಕಲೇಶಪುರ ತಾಲ್ಲೂಕು.
೭ ಸೆಪ್ಟೆಂಬರ್ ೧೯೯೮, ಸೋಮವಾರ

ಪ್ರೀತಿಯ ಅಣ್ಣಾ,

ಕಾಗದದ ನೆತ್ತಿಯ ಮೇಲೆ ಸಣ್ಣದಾಗಿ ‘ಶ್ರೀ’ ಎಂದು ಬರೆದಿರುವುದು ಅಮ್ಮನ ಒತ್ತಾಯಕ್ಕೆ. ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ಪೆನ್ನಿನಲ್ಲಲ್ಲ ಎಂಬುದನ್ನು ಗಮನಿಸು. ನಿನ್ನ ಆರೋಗ್ಯ ಹೇಗಿದೆ? ಇಂಜಿನ್ ರೂಮಿನ ಕಾವಿಗೆ ಬೆನ್ನ ತುಂಬ ಎದ್ದಿದ್ದ ಬೆವರುಸಾಲೆ ಇಳಿಯಿತೆ? ರಾಗಿ ಮುದ್ದೆ ಇಲ್ಲದೆ ಹೊಟ್ಟೆ ತುಂಬುವುದೇ ಇಲ್ಲ ಎಂದಿದ್ದೆ, ಈಗಲೂ ಹಾಗೆಯೇ ಇದೆಯೆ? ನಿಮ್ಮ ಹಡಗಿನ ಮಾಲೀಕ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು, ಬೆವರು ಮಾತ್ರ ನಿಮ್ಮದು ಎಂಬುದರ ಬಗ್ಗೆ ಹಿಂದಿನ ಪತ್ರದಲ್ಲಿ ನಾನು ನಾಲ್ಕು ಪುಟ ಬರೆದಿದ್ದೆ. ಅದಕ್ಕೆ ನೀನು ಒಂದು ಸಾಲಿನ ಉತ್ತರವನ್ನೂ ಕೊಡದೆ, ಅಮ್ಮನ ಮಂಡಿಗೆ ಹಚ್ಚಲು ಎಣ್ಣೆ ಕಳಿಸಿದ್ದೀಯ. ಶೋಷಣೆಯ ಪ್ರಶ್ನೆಗೆ ಎಣ್ಣೆ ಉತ್ತರವಲ್ಲ ಅಣ್ಣ. ಎಣ್ಣೆ ಚೆನ್ನಾಗಿದೆ, ಆ ಮಾತು ಬೇರೆ. ಅಮ್ಮ ಈಗ ಕಣದ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತುತ್ತಾಳೆ. ಅಪ್ಪನ ಕೆಮ್ಮು ಇದ್ದಂತೆಯೇ ಇದೆ, ಬೀಡಿಯೂ ಇದ್ದಂತೆಯೇ ಇದೆ. ಮೆಣಸಿನ ಬಳ್ಳಿಗಳು ಈ ವರ್ಷ ನಿನ್ನ ಹೆಸರು ಉಳಿಸಿವೆ. ನೀನು ನೆಟ್ಟವೇ ಹೆಚ್ಚು ತೆನೆ ಬಿಟ್ಟಿವೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಾನೆ, ನನ್ನ ಮುಂದೆ ಮಾತ್ರ ಹೇಳುವುದಿಲ್ಲ.

ಇನ್ನು ನೀನು ನನಗೆ ಒಪ್ಪಿಸಿದ ಕೆಲಸದ ವಿಷಯ. ದೀಪಾವಳಿಗೆ ಬರುವುದಿಲ್ಲ, ಅಕ್ಟೋಬರಿನಲ್ಲಿ ಈಗಿನ ಕರಾರು ಮುಗಿದ ಕೂಡಲೇ ಇನ್ನೊಂದು ಒಂಬತ್ತು ತಿಂಗಳಿಗೆ ಸಹಿ ಹಾಕುತ್ತೇನೆ, ಅಮ್ಮನಿಗೆ ನೀನೇ ನಿಧಾನವಾಗಿ ತಿಳಿಸು ಎಂದು ಬರೆದಿದ್ದೀಯ. ‘ಸತ್ಯ ಹೇಳೋದ್ರಲ್ಲಿ ನಿನ್ನ ಮೀರಿಸೋರು ಯಾರಿದಾರೆ’ ಎಂದು ಕೊನೆಗೆ ಒಂದು ಚುಚ್ಚುಮಾತು ಬೇರೆ. ನಿಜ, ನಾನು ಸತ್ಯದ ಪರ. ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ‘ಸುಳ್ಳೇ ಗುಲಾಮಗಿರಿಯ ತಾಯಿ’ ಎಂಬ ಕಿರುಹೊತ್ತಿಗೆ ಹಾಳೆ ಹರಿಯುವಷ್ಟು ಸಲ ಓದಿದ್ದೇನೆ. ಆದರೂ ನಿನ್ನ ಪತ್ರ ಬಂದು ಒಂದು ತಿಂಗಳಾಗುತ್ತ ಬಂತು, ಅಮ್ಮನಿಗೆ ಇನ್ನೂ ಹೇಳಿಲ್ಲ. ಯಾಕೆ ಹೇಳಲಾಗಲಿಲ್ಲ ಎಂಬುದೇ ಈ ಪತ್ರ. ತಪ್ಪಿನ ದೊಡ್ಡ ಪಾಲು ನೀನು ಕಳಿಸಿದ ಗೋಡೆ ಗಡಿಯಾರದ್ದು.

ಮೇ ತಿಂಗಳಲ್ಲಿ ಕೊಚ್ಚಿಯಿಂದ ಪಾರ್ಸೆಲ್ ಕಳಿಸಿದ್ದೆಯಲ್ಲ, ಅದರಲ್ಲಿ ಗಡಿಯಾರ ಒಡೆಯದಿರಲಿ ಎಂದು ಒತ್ತಿಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇಟ್ಟಿದ್ದೆ. ರಟ್ಟು ಕಿತ್ತುಹೋಗಿತ್ತು. ಜೊತೆಗೆ ಒಂದು ಚೀಲದ ತುಂಬ ಬಣ್ಣಬಣ್ಣದ ದಾಳಗಳು, ಒಂದಕ್ಕಂತೂ ಇಪ್ಪತ್ತು ಮುಖ. ಗಡಿಯಾರ ಒಡೆದೇ ಬಂತು. ಪುಸ್ತಕಕ್ಕೆ ಹೊಸದಾಗಿ ಏನೂ ಆಗಿರಲಿಲ್ಲ. ತೆರೆದು ನೋಡಿದರೆ ಪುಟಪುಟಕ್ಕೂ ಹಾಯಿಹಡಗಿನ ಚಿತ್ರ, ಪಕ್ಕದಲ್ಲಿ ಪಟ್ಟಿ: ಈ ಹಡಗಿನ ಗಟ್ಟಿತನ ಇಷ್ಟು, ವೇಗ ಇಷ್ಟು, ಆಳು ಇಷ್ಟು, ಹಿಡಿಯುವ ಸರಕು ಇಷ್ಟು. ತಂಗಿಗೆ ತನ್ನ ಕೆಲಸದ ಬಗ್ಗೆ ತಿಳಿವಳಿಕೆ ಬರಲಿ ಎಂದು ಅಣ್ಣ ಕಳಿಸಿದ್ದಾನೆಂದು ನಾನು ಹಿಗ್ಗಿಹೋದೆ. ಅಮ್ಮನಿಗೂ ಹಾಗೆಯೇ ಹೇಳಿದೆ, ‘ಅಣ್ಣ ಕೆಲಸ ಮಾಡೋ ಹಡಗುಗಳ ಪುಸ್ತಕ ಇದು’ ಅಂತ. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟಳು. ನಾನು ಅಲ್ಲಿಂದ ಕದ್ದು ತೆಗೆದು, ಡಿಕ್ಷನರಿ ಹಿಡಿದು ದಿನಾ ಓದಿ, ಟಿಪ್ಪಣಿ ಮಾಡಿಕೊಂಡು, ಊಟಕ್ಕೆ ಕೂತಾಗ ಎಲ್ಲರಿಗೂ ವಿವರಿಸುತ್ತಿದ್ದೆ. ನಲವತ್ತನೆಯ ಪುಟದಲ್ಲಿ ರೆಕ್ಕೆಯಿರುವ ಹಾವೊಂದು ಬಾಯಿಂದ ಬೆಂಕಿ ಉಗುಳಿ ಹಡಗು ಸುಟ್ಟಾಗ ನನಗೆ ಅನುಮಾನ ಬಂತು. ಅರವತ್ತನೆಯ ಪುಟದಲ್ಲಿ ಮಂತ್ರವಾದಿಯೊಬ್ಬ ಗಡ್ಡ ನೀವಿ ಗಾಳಿ ಕರೆದಾಗ ಖಾತ್ರಿಯಾಯಿತು. ಅದು ಆಟದ ಪುಸ್ತಕ ಅಣ್ಣ. ಒಬ್ಬೊಬ್ಬರು ಒಂದೊಂದು ಹಡಗು ತೆಗೆದುಕೊಂಡು, ತಾವೇ ಅದರ ಜನ ಎಂದುಕೊಂಡು, ಇಲ್ಲದ ಸಮುದ್ರದಲ್ಲಿ ಹೋಗಿಬರುವುದು. ಒಬ್ಬರು ಸಮುದ್ರವನ್ನು ನಡೆಸಬೇಕು. ಗೆದ್ದದ್ದು ಬಿದ್ದದ್ದನ್ನು ದಾಳ ಹೇಳುತ್ತದೆ. ನಿನ್ನ ಜೊತೆಗಿದ್ದ ಯಾವ ಹುಡುಗ ಬಿಟ್ಟುಹೋದದ್ದೋ ಏನೋ. ನೀನು ಅದನ್ನು ತೆರೆದೂ ನೋಡಿಲ್ಲವೆಂದು ನನಗೆ ಗೊತ್ತು.

ಬಿಸಾಡುವುದಕ್ಕೆ ಮನಸ್ಸು ಬರಲಿಲ್ಲ. ಒಂದು ಸಮಾಜವನ್ನು ಬುಡದಿಂದ ಕಟ್ಟುವ ಅವಕಾಶ ಹೊಂಗಡಹಳ್ಳದಲ್ಲಿ ಬೇರೆ ಯಾರಿಗೆ ಸಿಗುತ್ತದೆ ಹೇಳು. ನಿಯಮಗಳನ್ನೆಲ್ಲ ಕನ್ನಡಕ್ಕೆ ಇಳಿಸಿದೆ. ಮಂತ್ರವಾದಿಗಳ ಅಧ್ಯಾಯಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಮುಚ್ಚಿದೆ. ಕಡಲಹಾವೊಂದನ್ನು ಉಳಿಸಿಕೊಂಡೆ, ವಿಜ್ಞಾನ ಇನ್ನೂ ಗುರುತಿಸದ ಪ್ರಾಣಿ ಎಂಬ ಷರತ್ತಿನ ಮೇಲೆ. ಹುಟ್ಟು ಹಾಕುವ ಹಡಗಿನಲ್ಲಿ ಗುಲಾಮರಿರುತ್ತಾರೆಂದು ಪುಸ್ತಕದಲ್ಲಿತ್ತು, ಒಂದೇ ಗೀಟಿನಲ್ಲಿ ಅಷ್ಟೂ ಜನರನ್ನು ಬಿಡುಗಡೆ ಮಾಡಿದೆ. ನನ್ನ ಸ್ವಂತ ಹಡಗಿನಲ್ಲಿ ಕಪ್ತಾನನ ಹುದ್ದೆಯನ್ನೇ ತೆಗೆದುಹಾಕಿದೆ, ಎಲ್ಲ ತೀರ್ಮಾನವೂ ನಾವಿಕರ ಸಭೆಯಲ್ಲಿ, ಕೈ ಎತ್ತುವ ಮೂಲಕ. ಮೊದಲ ಭಾನುವಾರವೇ ಬಿರುಗಾಳಿ ಬಂತು. ಹಾಯಿ ಇಳಿಸಬೇಕೆ ಬೇಡವೆ ಎಂಬ ಚರ್ಚೆಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಕೊಟ್ಟೆ. ಎಂಟನೆಯ ನಾವಿಕ ಮಾತಾಡುತ್ತಿರುವಾಗ ಹಡಗು ಮುಳುಗಿತು. ಇದರಲ್ಲಿ ಸೋತಿದ್ದು ತತ್ವವಲ್ಲ, ಕಾಲಾವಕಾಶ. ಅವತ್ತಿನಿಂದ ಹಡಗಿನ ಗೊಡವೆ ಬಿಟ್ಟು ಸಮುದ್ರವನ್ನೇ ವಹಿಸಿಕೊಂಡಿದ್ದೇನೆ.

ಆಡುವವರು ಯಾರೆಂದು ಕೇಳುತ್ತೀಯ. ಒಬ್ಬ ನಮ್ಮ ಕೆಂಚಯ್ಯ. ಬೆಳಿಗ್ಗೆಯಿಂದ ಸಂಜೆವರೆಗೆ ವನಗೂರಿಗೂ ನಮ್ಮೂರಿಗೂ ಜೀಪು ಓಡಿಸುವವನಿಗೆ ಭಾನುವಾರವಾದರೂ ಸ್ಟೇರಿಂಗಿನಿಂದ ಬಿಡುವು ಬೇಡವೇ ಎಂದರೆ, ಹಡಗಿಗೆ ಸ್ಟೇರಿಂಗ್ ಎಲ್ಲಿರುತ್ತೆ ತೋರಿಸು ಎಂದು ಬಂದು ಕೂತ. ಇನ್ನೊಬ್ಬರು ಪಕ್ಕದ ಎಸ್ಟೇಟಿನ ರೈಟರ್ ಶಾಂತಮಲ್ಲಪ್ಪನವರು. ಆಳುಗಳ ಹಾಜರಿ ಬರೆದೂ ಬರೆದೂ ಅವರಿಗೆ ಕನಸೂ ಕಾಲಂ ಕಾಲಮ್ಮಾಗಿ ಬೀಳುತ್ತದೆ. ಮಳೆಗಾಲದಲ್ಲಿ ನಮ್ಮ ಕಾಫಿ ಸ್ಟೋರು ಖಾಲಿಯಲ್ಲವೆ, ಅದರ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಮುದ್ರ ಬರೆದೆ. ಎರಡು ದ್ವೀಪ, ಒಂದು ಬಂದರು, ಬಂದರಿಗೆ ಒಂದೇ ಹಡಗು ಹಿಡಿಯುವಷ್ಟು ಕಿರಿದಾದ ಬಾಯಿ. ಕೆಂಚಯ್ಯನ ಹಡಗು ಜೀಪಿನ ಒಂದು ನಟ್ಟು. ರೈಟರದು ಪೆನ್ನಿನ ಕ್ಯಾಪು.

ಹಡಗುಗಳ ಇಂಗ್ಲಿಷ್ ಹೆಸರು ಕೆಂಚಯ್ಯನ ಬಾಯಲ್ಲಿ ಹೊರಳಲಿಲ್ಲ, ತಾನೇ ಹೆಸರಿಟ್ಟ. ಮೂರು ಕಂಬದ ಯುದ್ಧಹಡಗು ‘ಟಿಂಬರ್ ಲಾರಿ’: ಗಟ್ಟಿತನ ಹದಿನೇಳು, ತಿರುಗಿಸಲು ಒಂದು ಮೈದಾನ ಬೇಕು. ಸಪೂರವಾಗಿ ಉದ್ದಕ್ಕಿರುವ ಹಡಗು ‘ಮಿನಿಬಸ್ಸು’: ವೇಗ ಹೆಚ್ಚು, ಗಟ್ಟಿತನ ಒಂಬತ್ತು, ಹತ್ತಿದವನು ಇಳಿಯುವ ಖಾತ್ರಿಯಿಲ್ಲ. ದುಂಡು ಹೊಟ್ಟೆಯ ಸರಕು ಹಡಗು ‘ಬಸುರಿ’: ಎಷ್ಟು ಹೇರಿದರೂ ಹೊರುತ್ತದೆ, ಗಟ್ಟಿತನ ಹನ್ನೊಂದು. ಆಟದ ಲೆಕ್ಕದಲ್ಲಿ ತಿಂಗಳಿಗೊಮ್ಮೆ, ಬಂದರಿನ ಹೊರಗಿರುವ ಹಡಗಿಗೆ ಬಿರುಗಾಳಿ. ಆಗ ಇಪ್ಪತ್ತು ಮುಖದ ದಾಳ ಹಾಕಬೇಕು. ಬಿದ್ದ ಅಂಕಿ ಹಡಗಿನ ಗಟ್ಟಿತನಕ್ಕಿಂತ ಹೆಚ್ಚಾದರೆ ಹಡಗು ತಳ ಸೇರಿತು. ಕೆಂಚಯ್ಯ ಟಿಂಬರ್ ಲಾರಿಯನ್ನೇ ಹಿಡಿದ. ರೈಟರು ಹುಟ್ಟಿನ ಹಡಗು ತೆಗೆದುಕೊಂಡು, ನಾನು ಬಿಡುಗಡೆ ಮಾಡಿದ ಜನಕ್ಕೆಲ್ಲ ಅವತ್ತೇ ಹಾಜರಿ ಪುಸ್ತಕ ತೆರೆದು, ತಡವಾಗಿ ಬಂದವರಿಗೆ ಅರ್ಧ ದಿನ ಕತ್ತರಿಸಿದರು. ಹಡಗಿನಲ್ಲೇ ಮಲಗುವವರು ಕೆಲಸಕ್ಕೆ ತಡವಾಗಿ ಬರುವುದು ಹೇಗೆ ಎಂದು ಕೇಳಿದೆ. ‘ಬರೋರು ಹೆಂಗಿದ್ರೂ ತಡವಾಗೇ ಬರ್ತಾರೆ ಕಣಮ್ಮ, ನನ್ ಸರ್ವಿಸ್ನಲ್ಲಿ ನೋಡಿಲ್ವ’ ಎಂದರು. ನಾನು ಹುಟ್ಟು ಹಾಕುವವರಿಂದ ಮುಷ್ಕರ ಮಾಡಿಸಿದೆ. ಎರಡು ಭಾನುವಾರ ಆ ಹಡಗು ನಡುನೀರಿನಲ್ಲಿ ಅಲ್ಲಾಡದೆ ನಿಂತಿತು. ಶಾಂತಮಲ್ಲಪ್ಪನವರು ಕೊನೆಗೆ ಕಾಫಿ ವಿರಾಮಕ್ಕೆ ಒಪ್ಪಿದರು. ಅದು ನನ್ನ ಜೀವನದ ಮೊದಲ ಗೆಲುವು, ನೀನು ನಗಬೇಡ.

ಪುಸ್ತಕದಲ್ಲಿ ಗಾಳಿಯ ನಿಯಮದ ಪುಟ ಹರಿದುಹೋಗಿತ್ತು. ಹಾಗಾಗಿ ಬಚ್ಚಲ ಒಲೆಯ ಹೊಗೆ ಯಾವ ಕಡೆ ವಾಲುತ್ತದೋ ಅದೇ ಸಮುದ್ರದ ಗಾಳಿ ಎಂದು ಗೊತ್ತು ಮಾಡಿದೆವು. ಒಲೆಗೆ ಉರಿ ಹಾಕುವವನು ಅಪ್ಪ. ಆಟ ಏನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಕೆಂಚಯ್ಯ ಬೀಡಿ ಕಟ್ಟು ತಂದುಕೊಟ್ಟು ‘ಅಣ್ಣೋ, ಸ್ವಲ್ಪ ಹಸಿ ಸೌದೆ ಮಡಗು’ ಎಂದರೆ ಇಡುತ್ತಾನೆ. ಲಂಚಕ್ಕೆ ಒಲಿಯುವ ವಾಯುದೇವ ನಮ್ಮ ಮನೆಯಲ್ಲೇ ಇದ್ದಾನೆಂದು ನಾನು ಅಂದುಕೊಂಡಿರಲಿಲ್ಲ.

ಇಷ್ಟರವರೆಗೆ ಎಲ್ಲ ಸರಿಯಾಗಿತ್ತು. ಜುಲೈ ತಿಂಗಳ ಒಂದು ಭಾನುವಾರ ಅಮ್ಮ ನಮಗೆ ಕಾಫಿ ತಂದಳು. ಆಗಷ್ಟೇ ನಾನು ಸಮುದ್ರಕ್ಕೆ ಬಿಟ್ಟಿದ್ದ, ಯಾರದ್ದೂ ಅಲ್ಲದ ಒಂದು ಬಸುರಿ ಹಡಗಿಗೆ ದಾಳದಲ್ಲಿ ಹದಿಮೂರು ಬಿದ್ದು, ನಾನು ಅದನ್ನು ಸಮುದ್ರದಿಂದ ಅಳಿಸುತ್ತಿದ್ದೆ. ‘ಏನಾಯ್ತು ಅದ್ಕೆ?’ ಎಂದು ಕೇಳಿದಳು. ‘ಮುಳುಗೋಯ್ತು ಅಕ್ಕ, ಸರಕಿನ ಹಡಗಲ್ವಾ, ಅದ್ರಲ್ಲಿ ತಾಕತ್ತಿಲ್ಲ’ ಎಂದ ಕೆಂಚಯ್ಯ. ಅಮ್ಮ ಅಳಿಸಿದ ಜಾಗ ನೋಡುತ್ತ, ‘ನಮ್ ನಟರಾಜಂದು ಯಾವ್ ಹಡಗು?’ ಎಂದಳು. ಕೆಂಚಯ್ಯನ ನಾಲಿಗೆಗೆ ಬ್ರೇಕಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ‘ಸರಕಿಂದೇ ಅಲ್ವೇನಕ್ಕ’ ಎಂದುಬಿಟ್ಟ. ಅಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅದರಲ್ಲಿ ಎರಡು ಲೋಟ ಇನ್ನೂ ಖಾಲಿಯಾಗಿರಲಿಲ್ಲ.

ನಾನು ಹಿಂದೆಯೇ ಹೋಗಿ ತಿಳಿಸಿ ಹೇಳಿದೆ. ಇದು ಆಟ, ಆ ಹಡಗುಗಳು ಮರದವು, ಅಣ್ಣನ ಹಡಗು ಕಬ್ಬಿಣದ್ದು ಎಂದೆ. ‘ಮರ ತೇಲ್ತದೆ. ಕಬ್ಣ ತೇಲ್ತದೇನೇ?’ ಎಂದಳು. ಪ್ರಯೋಗದ ಮೂಲಕ ತೋರಿಸೋಣವೆಂದು ಹಂಡೆಯ ನೀರಿನಲ್ಲಿ ಸ್ಟೀಲು ಪಾತ್ರೆಯೊಂದನ್ನು ತೇಲಿಬಿಟ್ಟೆ. ಅಮ್ಮ ಒಪ್ಪಿದಳು. ಆಮೇಲೆ ಆಲೂಗಡ್ಡೆ ಬುಟ್ಟಿ ಎಳೆದುಕೊಂಡು ಒಂದೊಂದಾಗಿ ಆ ಪಾತ್ರೆಗೆ ಹಾಕುತ್ತ ಹೋದಳು. ಪಾತ್ರೆ ತೂಗಿತು, ವಾಲಿತು, ಗುಳಕ್ ಎಂದು ತಳಕ್ಕೆ ಹೋಯಿತು. ಅಮ್ಮ ನನ್ನ ಮುಖ ನೋಡಿ, ‘ಅವ್ನ ಹಡಗಿಗೆ ಎಷ್ಟ್ ಹೇರ್ತಾರೆ?’ ಎಂದಳು. ಅವತ್ತಿನ ಸಾರಿನ ಆಲೂಗಡ್ಡೆಯನ್ನೆಲ್ಲ ನಾನೇ ಹಂಡೆಗೆ ಕೈ ಹಾಕಿ ತೆಗೆದೆ.

ಮುಂದಿನ ಭಾನುವಾರ ಸೆರಗು ಸಿಕ್ಕಿಸಿಕೊಂಡು ಸ್ಟೋರಿಗೆ ಬಂದು ಗೋಣಿಚೀಲದ ಮೇಲೆ ಕೂತಳು. ‘ನಂಗೂ ಒಂದ್ ಹಡಗು ಕೊಡು. ಸರಕಿಂದೇ ಕೊಡು’ ಎಂದಳು. ಏನು ಇಡುತ್ತೀಯಮ್ಮ ಹಡಗಿಗೆ ಎಂದರೆ, ಸೆರಗಿನ ಗಂಟಿನಿಂದ ಒಂದು ಗುಂಡಿ ತೆಗೆದು ಬಂದರಿನೊಳಗಿಟ್ಟಳು. ನೀನು ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಅಂಗಿಯ ಗುಂಡಿ. ನಾನು ಗುರುತು ಹಿಡಿದೆ.

ಅಮ್ಮ ಆಡಿದ ರೀತಿ ಹೇಳಿದರೆ ನೀನು ನಂಬುವುದಿಲ್ಲ. ಹಡಗನ್ನು ಬಂದರಿನಿಂದ ಹೊರಗೆ ಬಿಡಲೇ ಇಲ್ಲ. ಒಂದು ಮೂಟೆ ಸರಕು ಹೇರಲಿಲ್ಲ. ಒಡೆದುಕೊಂಡು ಬಂದ ಬೇರೆಯವರ ಹಡಗುಗಳನ್ನು ತನ್ನ ಆಳುಗಳಿಂದ ರಿಪೇರಿ ಮಾಡಿಸಿ, ಕೂಲಿಗೆ ಬದಲು ಹಲಗೆ ತೆಗೆದುಕೊಂಡು, ಆ ಹಲಗೆಯನ್ನೆಲ್ಲ ತನ್ನ ಹಡಗಿಗೇ ಬಡಿಸಿದಳು. ಹನ್ನೊಂದಿದ್ದ ಗಟ್ಟಿತನ ಹದಿಮೂರಾಯಿತು, ಹದಿನಾರಾಯಿತು, ಟಿಂಬರ್ ಲಾರಿಯನ್ನೂ ದಾಟಿತು. ಇದು ಏಕಸ್ವಾಮ್ಯ, ಬಂದರಿನ ದುಡಿಮೆಯೆಲ್ಲ ಒಬ್ಬರ ಕೈಗೆ ಹೋಗುತ್ತಿದೆ ಎಂದು ನಾನು ಎಚ್ಚರಿಸಿದೆ. ‘ನೀನ್ ಸುಮ್ಕಿರೇ, ಹಲಗೆ ಎಣ್ಸು’ ಎಂದಳು. ಕೆಂಚಯ್ಯ ‘ವಿಶಾಲಕ್ಕ, ಇದು ಹಡಗೋ ಮನೆಯೋ? ಹೆಂಚೂ ಹೊದಿಸ್ಬುಡು’ ಎಂದು ಅಣಕಿಸಿದ. ಹತ್ತೊಂಬತ್ತಕ್ಕೆ ಬಂದು ನಿಂತಿತು. ಅದಕ್ಕಿಂತ ಮೇಲೆ ಹೋಗುವಂತಿಲ್ಲ, ಎಷ್ಟೇ ಗಟ್ಟಿ ಮಾಡಿದರೂ ಇಪ್ಪತ್ತು ಬಿದ್ದರೆ ಹಡಗು ಹೋಗಲೇಬೇಕೆಂದು ಪುಸ್ತಕದಲ್ಲಿದೆ. ಅಮ್ಮ ದಾಳವನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ‘ಹತ್ತೊಂಬತ್ ಮುಖಕ್ಕೆ ನಾನ್ ಹೆದ್ರಾಕಿಲ್ಲ ಕಣೇ. ಈ ಒಂದು ಮುಖ ಐತಲ್ಲ, ಇದ್ನ ಚಾಕುಲಿ ಕೆರ್ದ್‌ಬುಡೋಕಾಗಲ್ವಾ?’ ಎಂದಳು. ನಿಯಮ ಎಲ್ಲರಿಗೂ ಒಂದೇ ಎಂದು ನಾನು ಸಮಾನತೆಯ ಬಗ್ಗೆ ಮಾತಾಡಿದೆ. ಮಾತಾಡುವಾಗ ನನ್ನ ದನಿ ನನಗೇ ಹಿಡಿಸಲಿಲ್ಲ.

ಅಷ್ಟರಲ್ಲಿ ನಿನ್ನ ಪತ್ರ ಬಂತು. ಹೇಳು, ಯಾವ ಬಾಯಲ್ಲಿ ಹೇಳಲಿ? ಗೌರಿ ಹಬ್ಬದ ದಿನ ಒಬ್ಬಟ್ಟು ತಟ್ಟುತ್ತಿದ್ದಾಗ ಧೈರ್ಯ ಮಾಡಿ, ‘ಅಮ್ಮಾ, ಹಡಗಿಗೆ ಹೋದೋರು ಹೇಳಿದ್ ಟೈಮಿಗೇ ಬರ್ತಾರೆ ಅಂತೇನಿಲ್ಲ’ ಎಂದು ಶುರು ಮಾಡಿದೆ. ಅಮ್ಮ ಹೌದು ಹೌದು ಎಂದು ತಲೆಯಾಡಿಸಿ, ‘ನಾನೇ ತಪ್ಪು ಮಾಡ್ದೆ ಕಣೇ. ಹಡಗ್ನ ಕಟ್ಟಾಕಂಡ್ ಕೂತಿದೀನಿ. ಹೋದ್ರೆ ತಾನೆ ವಾಪಸ್ ಬರಾದು’ ಎಂದಳು. ಮಾತು ನನ್ನ ಕೈಯಿಂದ ಎತ್ತಲೋ ಹೋಯಿತು. ಆ ಭಾನುವಾರ ಅಂಗಿಗುಂಡಿ ಬಂದರಿನಿಂದ ಹೊರಟಿತು. ಅಮ್ಮ ದೂರದ ದ್ವೀಪ ಮುಟ್ಟಿ ಮರಳಿದಳು. ದಾರಿಯಲ್ಲಿ ಎರಡು ಬಿರುಗಾಳಿ. ಒಂದಕ್ಕೆ ಏಳು ಬಿತ್ತು, ಇನ್ನೊಂದಕ್ಕೆ ಹದಿನೆಂಟು. ಎರಡು ಸಲವೂ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ಕೆಂಚಯ್ಯ ಅಂಕಿಯನ್ನು ಬಸ್ಸಿನ ಏಜೆಂಟನ ಹಾಗೆ ಕೂಗಿ ಹೇಳಬೇಕಾಯಿತು. ಹಿಂತಿರುಗಿ ಬಂದರಿನ ಬಾಯಿಗೆ ಬರುವ ಹೊತ್ತಿಗೆ ಒಳಗಿನಿಂದ ಕೆಂಚಯ್ಯನ ಟಿಂಬರ್ ಲಾರಿ ಹೊರಟು ಎದುರಾಯಿತು. ಒಂದೇ ಹಡಗಿನ ದಾರಿ. ಯಾರು ಹಿಂದಕ್ಕೆ ತೆಗೆಯಬೇಕು?

ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಮ್ಮ ಕಡೆ ಉತ್ತರ ಒಂದೇ: ಏರು ಹತ್ತುತ್ತಿರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಹಾಗಾದರೆ ಇಬ್ಬರಲ್ಲಿ ಹತ್ತುತ್ತಿರುವುದು ಯಾರು? ಸಮುದ್ರ ಮಟ್ಟಸ, ಅಲ್ಲಿ ಏರೂ ಇಲ್ಲ ಇಳಿಜಾರೂ ಇಲ್ಲ ಎಂದು ನಾನು ಹೇಳಿದ್ದನ್ನು ಒಬ್ಬರೂ ಒಪ್ಪಲಿಲ್ಲ. ‘ಇಳಿಜಾರಿಲ್ದೆ ನಿಂತ್ ನೀರು ಕೊಳೀತದೆ ನಯನವ್ವ. ಸಮುದ್ರ ಕೊಳ್ತೈತಾ? ಇಲ್ಲ. ಅಂದ್ಮೇಲೆ ಇಳಿಜಾರು ಇದ್ದೇ ಐತೆ’ ಎಂದ ಕೆಂಚಯ್ಯ. ಅವನು ಸಮುದ್ರ ನೋಡಿಲ್ಲ, ಸುಬ್ರಹ್ಮಣ್ಯದವರೆಗೆ ಹೋಗಿ ತಿರುಗಿದವನು. ನೋಡಿದ್ದವರೆಂದರೆ ರೈಟರು ಒಬ್ಬರೇ, ಮಂಗಳೂರಿನಲ್ಲಿ. ಆದರೆ ಶಿರಾಡಿ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳೆಸಿ, ಅಲ್ಲಿಂದ ಮುಂದೆ ಕಣ್ಣೇ ಬಿಟ್ಟಿರಲಿಲ್ಲವಂತೆ. ‘ಲೋಡ್ ಇರೋ ಗಾಡಿಗೆ ಮೊದಲು ದಾರಿ, ನಮ್ಮ ಎಸ್ಟೇಟಿನಲ್ಲಿ ಅದೇ ರೂಲು’ ಎಂದು ಅವರು ಕೆಂಚಯ್ಯನ ಪರ ನಿಂತರು, ಅಮ್ಮನ ಹಡಗು ಯಾವಾಗಲೂ ಖಾಲಿಯಲ್ಲವೆ. ಕೆಂಚಯ್ಯನಿಗಂತೂ ಇದು ಮಾನದ ಪ್ರಶ್ನೆ. ಬಿಸಿಲೆ ರಸ್ತೆಯಲ್ಲಿ ತಾನು ಇಳಿಯುತ್ತಿದ್ದರೂ ಎದುರಿನವನಿಂದಲೇ ರಿವರ್ಸ್ ತೆಗೆಸುವ ಮನುಷ್ಯ ಅವನು. ಆ ವಾರವೆಲ್ಲ ಜೀಪಿನಲ್ಲಿ ಅದೇ ಮಾತು. ತಿರುವಿನಲ್ಲಿ ಎದುರು ಸಿಕ್ಕ ಪ್ರತಿ ಡ್ರೈವರನನ್ನೂ ನಿಲ್ಲಿಸಿ, ‘ನೀನ್ ಹೇಳ್ ಮಾರಾಯ, ಬಂದರಿಂದ ಹೊರಗ್ ಹೋಗಾದು ಹತ್ತಾದೋ ಇಳಿಯಾದೋ’ ಎಂದು ಕೇಳುತ್ತಿದ್ದನಂತೆ. ಹಿಂದೆ ಕೂತ ಜನ ಎರಡು ಪಕ್ಷವಾಗಿ, ಒಬ್ಬ ಹೆಂಗಸು ವನಗೂರಿನ ಡಾಕ್ಟರು ಎದ್ದುಹೋಗುತ್ತಾರೆಂದು ಇಳಿದು ನಡೆದೇಬಿಟ್ಟಳಂತೆ.

ನಿನ್ನೆ ಭಾನುವಾರ ತೀರ್ಮಾನವಾಯಿತು. ಸ್ಟೋರಿನ ಬಾಗಿಲಲ್ಲೂ ಜನ ನಿಂತಿದ್ದರು. ನಾನು ಮತಕ್ಕೆ ಹಾಕೋಣ ಎಂದು ಚೀಟಿ ಹರಿಯುತ್ತಿದ್ದೆ. ಅಮ್ಮ ಕೈ ಅಡ್ಡ ಹಿಡಿದಳು. ‘ಕೆಂಚಯ್ಯ, ನೀನ್ ಸಂಜೆ ಗಾಡಿ ಬುಟ್ಟು ಮನೆಗ್ ಹೋಗಾದು ಏರಿಗೋ ಇಳಿಜಾರಿಗೋ?’ ಎಂದು ಕೇಳಿದಳು. ‘ಏರ್ಗೇ ಕಣಕ್ಕ, ಗೊತ್ತಿಲ್ವಾ’ ಎಂದ. ‘ರೈಟ್ರೇ, ನೀವು?’ ಅವರು ಎಸ್ಟೇಟಿನ ಕೂಲಿ ಲೈನಿನ ಮೇಲಿನ ಕ್ವಾರ್ಟರ್ಸ್ ನೆನೆದು, ‘ಏರೇ’ ಎಂದರು. ‘ಈ ಮನೆಗೆ?’ ಏರೇ ಎಂದು ಬಾಗಿಲಲ್ಲಿ ನಿಂತವರೂ ಹೇಳಿದರು. ‘ಮತ್ತೆ? ಮನೆಗ್ ಬರೋನು ಯಾವಾಗ್ಲೂ ಹತ್ತಾನೇ ಇರ್ತಾನೆ ಕಣಯ್ಯ. ಸಮುದ್ರ ಅದ್ರ ಪಾಡಿಗೆ ಮಟ್ಟಸ ಇದ್ರೆ ಇರ್ಲಿ. ನನ್ ಹಡಗು ಮನೆಗ್ ಬರ್ತಾ ಐತೆ. ದಾರಿ ಬುಡು.’

ರೈಟರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಂಚಯ್ಯ ನಟ್ಟಿನ ಮೇಲೆ ಎರಡು ಬೆರಳಿಟ್ಟು, ಕತ್ತು ಪೂರ್ತಿ ತಿರುಗಿಸಿ, ಭುಜದ ಮೇಲಿಂದ ಹಿಂದೆ ನೋಡುತ್ತ, ಆ ಸಿಮೆಂಟ್ ನೆಲದ ಮೇಲೆ ಟಿಂಬರ್ ಲಾರಿಯನ್ನು ನಿಧಾನವಾಗಿ ರಿವರ್ಸ್ ತೆಗೆದ. ಕೆಂಚಯ್ಯ ಹಿಂದಕ್ಕೆ ತೆಗೆದದ್ದನ್ನು ನೋಡಿದೆವೆಂದು ಹೇಳಿಕೊಳ್ಳಲು ಜನ ಅಲ್ಲಿಂದಲೇ ಓಡಿದರು. ನಾನು ಅವತ್ತೇ ನಿಯಮದ ಹಾಳೆಯಲ್ಲಿ ಹೊಸ ಸಾಲು ಸೇರಿಸಿದೆ: ಮನೆಯ ಕಡೆ ಬರುವ ಹಡಗೇ ಏರುವ ಹಡಗು, ಅದಕ್ಕೆ ಎಲ್ಲರೂ ದಾರಿ ಬಿಡತಕ್ಕದ್ದು. ನನ್ನ ಯಾವ ಕಿರುಹೊತ್ತಿಗೆಯಲ್ಲೂ ಇಷ್ಟು ಒಳ್ಳೆಯ ಸಾಲು ಇಲ್ಲ.

ಈಗ ಅಂಗಿಗುಂಡಿ ಬಂದರಿನ ಬಾಯಲ್ಲಿದೆ. ಒಳಗೆ ಬರಲು ಒಂದೇ ಒಂದು ಬಿರುಗಾಳಿಯ ದಾಳ ಬಾಕಿ. ಅಪ್ಪ ದನ ಹೊಡೆದುಕೊಂಡು ಬಂದು ಅಮ್ಮನನ್ನು ಕರೆದದ್ದರಿಂದ ಮುಂದಿನ ಭಾನುವಾರಕ್ಕೆ ಉಳಿಯಿತು. ನಿನ್ನ ಮಾತನ್ನು ಅಷ್ಟರೊಳಗೆ ಹೇಗಾದರೂ ಹೇಳುತ್ತೇನೆ. ಸತ್ಯವನ್ನು ಮುಂದೂಡುವುದೂ ಒಂದು ಬಗೆಯ ಸುಳ್ಳು ಎಂಬುದು ನನಗೆ ಗೊತ್ತಿದೆ.

ಅಪ್ಪ ನಿನ್ನನ್ನು ಕೇಳಿದನೆಂದು ಬರೆ ಎಂದಿದ್ದಾನೆ, ಅಷ್ಟೇ ಹೇಳಿ ಬೀಡಿ ಹಚ್ಚಿದ. ರೈಟರು ನಿಮ್ಮ ಹಡಗಿನಲ್ಲಿ ಹಾಜರಿ ಯಾರು ಬರೆಯುತ್ತಾರೆಂದು ತಿಳಿಸಬೇಕಂತೆ. ಅಮ್ಮನ ಆಶೀರ್ವಾದಗಳು, ಹೊಟ್ಟೆ ತುಂಬ ಉಣ್ಣಬೇಕು, ತಲೆಗೆ ಎಣ್ಣೆ ಹಾಕಬೇಕು, ಹಡಗಿನ ಅಂಚಿಗೆ ಹೋಗಿ ಬಗ್ಗಿ ನೋಡಬಾರದು. ಆಶೀರ್ವಾದದಲ್ಲಿ ನನಗೆ ನಂಬಿಕೆಯಿಲ್ಲ. ಅಮ್ಮನಿಗಿದೆ, ಅದಕ್ಕೇ ಒಂದನ್ನೂ ಬಿಡದೆ ಬರೆದಿದ್ದೇನೆ.

ನಿನ್ನ ತಂಗಿ,
ನಯನಾ

ಮತ್ತೆ: ಮಂಗಳವಾರ ಬೆಳಿಗ್ಗೆ. ವನಗೂರಿನ ಪೋಸ್ಟಿಗೆ ಹಾಕಲು ಕಾಗದ ಒಯ್ಯುವ ಕೆಂಚಯ್ಯ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗ ಕೊಟ್ಟಿಗೆಯಲ್ಲಿ ಅಮ್ಮನಿಗೆ ಹೇಳಿಬಿಟ್ಟೆ, ಪೂರ್ತಿ. ಅಮ್ಮ ಹಾಲು ಕರೆಯುವ ಕೈ ನಿಲ್ಲಿಸಲಿಲ್ಲ. ಕರೆಯುತ್ತಲೇ, ‘ಒಂಬತ್ ತಿಂಗ್ಳು ಅಂದ್ರೆ ಇನ್ನೂ ಎಷ್ಟ್ ಸಲ ದಾಳ ಹಾಕ್ಬೇಕು?’ ಎಂದು ಕೇಳಿದಳು. ತಿಂಗಳಿಗೊಂದು ಎಂದೆ. ಚೊಂಬು ಕೆಳಗಿಟ್ಟು ಸ್ಟೋರಿಗೆ ಹೋಗಿ, ಇಪ್ಪತ್ತು ಮುಖದ ದಾಳ ತಂದು ಸೆರಗಿಗೆ ಬಿಗಿಯಾಗಿ ಗಂಟು ಹಾಕಿಕೊಂಡಳು. ‘ಇದ್ನ ನಾನೂ ಹಾಕಾಕಿಲ್ಲ, ಯಾರ್ಗೂ ಹಾಕಾಕ್ ಬುಡಾಕಿಲ್ಲ. ಬಿಚ್ಚಾದು ಅವ್ನೇ ಬಂದು ಬಿಚ್ಲಿ’ ಎಂದು ಮತ್ತೆ ಹಾಲು ಕರೆಯಲು ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ, ಇದಕ್ಕೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ. ಸಮುದ್ರ ನಿಂತುಹೋಗಿದೆ ಅಣ್ಣ. ಸಹಿ ಹಾಕಬೇಡ. ಕೆಂಚಯ್ಯನಿಗೆ ವಿಷಯ ಹೇಳಿದೆ. ಹಾರ್ನ್ ನಿಲ್ಲಿಸಿ, ತನ್ನದೂ ಒಂದು ಮಾತು ಬರೆ ಎಂದಿದ್ದಾನೆ: ‘ನಾನ್ ರಿವರ್ಸ್ ತೆಗ್ದಿದೀನಿ, ದಾರಿ ಖಾಲಿ ಐತೆ ಅಂತ ಬರಿ. ಏರ್ನಲ್ಲಿ ಗಾಡಿನ ಜಾಸ್ತಿ ಹೊತ್ತು ನಿಲ್ಲಿಸ್ಬಾರ್ದು, ಆಮೇಲೆ ಎತ್ತಾದು ಕಷ್ಟ ಅಂತಾನೂ ಬರಿ.’